ಎತ್ತಿನ ಹಲ್ಲು ನೋಡುವ ಕಣ್ಣು ಟಯರಿಗೂ ಬೇಕು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನನ್ನು ಒಮ್ಮೆ ನೋಡಬೇಕು. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಸುಳಿ ನೋಡುತ್ತಾನೆ. ಕಾಲೆತ್ತಿಸಿ ಗೊರಸು ತಟ್ಟುತ್ತಾನೆ. ನಾಲ್ಕು ಮಾರು ನಡೆಸಿ ಹೆಜ್ಜೆ ಗಮನಿಸುತ್ತಾನೆ. ಅಷ್ಟಕ್ಕೂ ಮನಸ್ಸು ಒಪ್ಪದಿದ್ದರೆ ರಾತ್ರಿ ಜಾತ್ರೆಯಲ್ಲೇ ಮಲಗಿ, ಬೆಳಗಾದ ಮೇಲೆ ಇನ್ನೊಮ್ಮೆ ನೋಡುತ್ತಾನೆ. ಇದೇ ರೈತ ಟ್ರ್ಯಾಕ್ಟರಿನ ಹಿಂದಿನ ಜೋಡಿ ಟಯರು ಕೊಳ್ಳಲು ಪೇಟೆಗೆ ಹೋದರೆ ಹತ್ತು ನಿಮಿಷದಲ್ಲಿ ವ್ಯಾಪಾರ ಮುಗಿಯುತ್ತದೆ. ಯಾವ ಕಂಪನಿಯದು, ಎಷ್ಟು ಕಡಿಮೆ ಮಾಡುತ್ತೀರಿ ಎಂಬ ಎರಡೇ ಪ್ರಶ್ನೆ. ಉಳಿದದ್ದನ್ನೆಲ್ಲ ಅಂಗಡಿಯವರೇ ತೀರ್ಮಾನಿಸುತ್ತಾರೆ.

ಹತ್ತಾರು ಸಾವಿರ ರೂಪಾಯಿಯ ಈ ಖರೀದಿಯನ್ನು ಇಷ್ಟು ಹಗುರವಾಗಿ ಮಾಡುವುದು ಸರಿಯೇ? ಎಂಜಿನಿನಲ್ಲಿ ಎಷ್ಟು ಅಶ್ವಶಕ್ತಿ ಇದ್ದರೇನು, ಅದು ನೆಲಕ್ಕೆ ಇಳಿಯುವುದು ಎರಡು ಟಯರುಗಳ ಮೂಲಕ. ಹಿಂದೆ ಟ್ರ್ಯಾಕ್ಟರುಗಳಿಗೆ ಮುಳ್ಳುಗಳಿದ್ದ ಕಬ್ಬಿಣದ ಗಾಲಿಗಳಿದ್ದವು. 1932ರಲ್ಲಿ ಅಮೆರಿಕದ ಅಲಿಸ್ ಚಾಲ್ಮರ್ಸ್ ಕಂಪನಿ ಗಾಳಿ ತುಂಬಿದ ರಬ್ಬರ್ ಟಯರು ಹಾಕಿದ ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ತಂದ ಮೇಲೆ, ಒಂದೇ ಯಂತ್ರ ಹೊಲವನ್ನೂ ಉಳುವ, ರಸ್ತೆಯಲ್ಲಿ ಗಾಡಿಯನ್ನೂ ಎಳೆಯುವ ದಾರಿ ತೆರೆಯಿತು. ನಮ್ಮ ರೈತರ ಟಯರಿನ ಕಷ್ಟವೂ ಅಲ್ಲಿಂದಲೇ ಶುರು. ಹೊಲಕ್ಕೆ ಬೇಕಾದ ಟಯರು ಒಂದು ಬಗೆ, ರಸ್ತೆಗೆ ಬೇಕಾದದ್ದು ಇನ್ನೊಂದು ಬಗೆ, ಇರುವ ಟ್ರ್ಯಾಕ್ಟರು ಮಾತ್ರ ಒಂದೇ.

ಹೊಸದು ಕೊಳ್ಳುವ ಮೊದಲು ಹಳೆಯದು ನಿಜವಾಗಿಯೂ ಮುಗಿದಿದೆಯೇ ಎಂದು ನೋಡಬೇಕು. ಇದಕ್ಕೆ ಒಂದು ಸುಣ್ಣದ ಕಡ್ಡಿ, ಎರಡು ಗೂಟ, ಒಂದು ಅಳತೆ ಟೇಪು ಸಾಕು. ಹಿಂದಿನ ಟಯರಿನ ಪಕ್ಕಕ್ಕೆ ಸುಣ್ಣದ ಗುರುತು ಹಾಕಿ. ನೇಗಿಲು ಮಣ್ಣಿಗಿಳಿಸಿ ಉಳುತ್ತಾ, ಗುರುತು ಹತ್ತು ಸುತ್ತು ತಿರುಗುವಷ್ಟರಲ್ಲಿ ಟ್ರ್ಯಾಕ್ಟರು ಎಷ್ಟು ದೂರ ಸಾಗಿತು ಎಂದು ಅಳೆಯಿರಿ. ನಂತರ ನೇಗಿಲು ಎತ್ತಿ, ಅದೇ ಹೊಲದಲ್ಲಿ ಹತ್ತು ಸುತ್ತು ಬರಿದೇ ಓಡಿಸಿ ಅಳೆಯಿರಿ. ಬರಿದೇ ಓಡಿದಾಗ 39 ಮೀಟರ್ ಬಂದು, ಉಳುವಾಗ 33 ಮೀಟರ್ ಬಂದರೆ ಟಯರು ಶೇ 15ರಷ್ಟು ಜಾರುತ್ತಿದೆ ಎಂದಾಯಿತು. ಗಟ್ಟಿ ನೆಲದಲ್ಲಿ ಶೇ 8ರಿಂದ 10, ಸಡಿಲ ಮಣ್ಣಿನಲ್ಲಿ ಶೇ 15ರವರೆಗೆ ಜಾರುವುದು ಸಹಜ. ಉಳುವಾಗ 29 ಮೀಟರ್ ಮಾತ್ರ ಬಂದರೆ ಕಾಲುಭಾಗ ಹೋಯಿತು. ನಾಲ್ಕು ಗಂಟೆ ಉತ್ತರೆ ಒಂದು ಗಂಟೆಯ ಓಟ ಪೋಲಾದಂತೆ. ಅದಕ್ಕೂ ಡೀಸೆಲ್ ಸುಡುತ್ತದೆ, ಅದರಲ್ಲೂ ರಬ್ಬರು ಸವೆಯುತ್ತದೆ.

ಆದರೆ ಜಾರುವುದೆಲ್ಲ ಟಯರಿನ ತಪ್ಪಲ್ಲ. ಹಿಂಬದಿಗೆ ಭಾರ ಸಾಲದಿದ್ದರೆ ಹೊಸ ಟಯರೂ ಜಾರುತ್ತದೆ. ಗಾಳಿ ಅತಿಯಾಗಿದ್ದರೂ ಜಾರುತ್ತದೆ. ಅವೆರಡನ್ನೂ ಸರಿಪಡಿಸಿ ಮತ್ತೊಮ್ಮೆ ಅಳೆಯಿರಿ. ಒಣ ನೆಲದಲ್ಲೇ ದುಡಿಯುವ ಟ್ರ್ಯಾಕ್ಟರಿಗೆ ಅರ್ಧ ಸವೆದ ಟಯರು ಇನ್ನೂ ಕೆಲವು ಕಾಲ ನಡೆಯುತ್ತದೆ. ಹಲ್ಲಿನ ಎತ್ತರ ಹೊಸದರ ಕಾಲುಭಾಗಕ್ಕೆ ಇಳಿದಿದ್ದರೆ, ಒಳಗಿನ ನೂಲು ಕಾಣುತ್ತಿದ್ದರೆ, ಪಕ್ಕದ ಗೋಡೆಯಲ್ಲಿ ಉಬ್ಬು ಬಂದಿದ್ದರೆ ಮಾತ್ರ ಮುಂದಿನ ಮಾತು ಬೇಡ, ಬದಲಿಸಲೇಬೇಕು.

ನಮ್ಮ ಮನೆಯ ಕಥೆಯನ್ನೇ ಹೇಳುತ್ತೇವೆ. ನಮ್ಮದು ಹಾವೇರಿ ಕಡೆಯ ಮೆಕ್ಕೆಜೋಳದ ಹೊಲ. ಕೆಲವು ವರ್ಷಗಳ ಹಿಂದೆ ರೋಹಿಣಿ ಮಳೆ ಚೆನ್ನಾಗಿ ಹಿಡಿದ ವಾರದಲ್ಲೇ, ಗೊಬ್ಬರದ ಗಾಡಿ ಎಳೆಯುತ್ತಿದ್ದ ಟ್ರ್ಯಾಕ್ಟರಿನ ಬಲಗಡೆ ಟಯರು ಒಡೆಯಿತು. ಊರಿನವರೆಲ್ಲ ಹದ ನೋಡಿ ಬಿತ್ತನೆಗೆ ಹೊರಟಿದ್ದರು. ಅಣ್ಣ ಮರುದಿನ ಮುಂಜಾನೆಯೇ ಪೇಟೆಗೆ ಓಡಿದ. ಅಂಗಡಿಯವರು ಸಾಲಕ್ಕೂ ಒಪ್ಪಿದರು, ಬೆಲೆಯನ್ನೂ ಇಳಿಸಿದರು. ಎತ್ತರದ ಹಲ್ಲಿನ ಹೊಸ ಜೋಡಿ ನೋಡಲು ಬಲು ಚೆಂದವಿತ್ತು. ಅಣ್ಣನಿಗೆ ಅಂದು ಅಂಗಡಿಯವರು ದೇವರಂತೆ ಕಂಡರು. ಮನೆಯ ಟ್ರ್ಯಾಕ್ಟರಿಗೆ ವರ್ಷದಲ್ಲಿ ಹೊಲದ ಕೆಲಸ ಎರಡು ತಿಂಗಳು, ಉಳಿದ ಕಾಲವೆಲ್ಲ ಕಲ್ಲು, ಮಣ್ಣು, ಮಾರುಕಟ್ಟೆಗೆ ಜೋಳ ಎಂದು ಡಾಂಬರು ರಸ್ತೆಯ ಓಟ. ಎರಡನೆಯ ವರ್ಷಕ್ಕೆ ಹಲ್ಲುಗಳು ಮಟ್ಟವಾದವು. ಅದಕ್ಕೂ ಮೊದಲೇ ಪಕ್ಕದ ಗೋಡೆಯಲ್ಲಿ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು. ಆಮೇಲೆ ಯಾರೋ ತಿಳಿದವರು ಟಯರಿನ ಮೇಲಿನ ಸಂಖ್ಯೆ ಓದಿ ಹೇಳಿದರು: ಕೊಂಡ ದಿನಕ್ಕೇ ಅದು ತಯಾರಾಗಿ ಐದು ವರ್ಷ ಕಳೆದಿತ್ತು. ಬಿಲ್ಲು ತೆಗೆದು ನೋಡಿದರೆ ಅದರಲ್ಲಿ ಬರೆದದ್ದು ‘ಟಯರು 2’ ಎಂದು ಮಾತ್ರ. ಯಾರ ಬಳಿ ದೂರುವುದು? ಸಾಲದ ಕೊನೆಯ ಕಂತು ತೀರುವ ಮೊದಲೇ ಟಯರು ತೀರಿತು.

ಈ ಕಥೆಯಲ್ಲಿ ಎರಡು ತಪ್ಪುಗಳಿವೆ. ವಯಸ್ಸು ನೋಡಲಿಲ್ಲ, ಕೆಲಸಕ್ಕೆ ತಕ್ಕ ಬಗೆ ಆರಿಸಲಿಲ್ಲ.

ಮೊದಲು ವಯಸ್ಸಿನ ಮಾತು. ಟಯರಿನ ಪಕ್ಕದ ಗೋಡೆಯ ಮೇಲೆ ತಯಾರಿಕೆಯ ವಾರ, ವರ್ಷವನ್ನು ಸಾಮಾನ್ಯವಾಗಿ ನಾಲ್ಕು ಅಂಕಿಗಳಲ್ಲಿ ಅಚ್ಚೊತ್ತಿರುತ್ತಾರೆ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರ ಎಂದರ್ಥ. ಕೆಲವು ಟಯರುಗಳಲ್ಲಿ ಇದು ಉದ್ದನೆಯ ಕ್ರಮಸಂಖ್ಯೆಯೊಳಗೆ ಅಡಗಿರುತ್ತದೆ. ಹುಡುಕಿ ಸಿಗದಿದ್ದರೆ ಅಂಗಡಿಯವರಿಂದಲೇ ಓದಿಸಬೇಕು. ರಬ್ಬರು ಮಳಿಗೆಯಲ್ಲಿ ಕುಳಿತೇ ಮುಪ್ಪಾಗುತ್ತದೆ, ಬಿಸಿಲಿಗಿಟ್ಟರೆ ಇನ್ನೂ ಬೇಗ. ಹಾಗೆಂದು ಆರು ತಿಂಗಳು ಹಳೆಯದಾದ ಕೂಡಲೇ ಬೇಡವೆನ್ನಬೇಕಾಗಿಲ್ಲ. ಎರಡು ಮೂರು ವರ್ಷ ದಾಟಿದ್ದನ್ನು ಹೊಸ ಬೆಲೆಗೆ ಕೊಳ್ಳುವುದು ಮಾತ್ರ ನಮ್ಮ ಅಭಿಪ್ರಾಯದಲ್ಲಿ ದುಡ್ಡು ಕೊಟ್ಟು ಮುದಿ ಎತ್ತು ತಂದಂತೆ.

ಇನ್ನು ಅಳತೆ. 13.6-28 ಎಂದು ಬರೆದಿದ್ದರೆ ಟಯರಿನ ಅಗಲ ಸುಮಾರು 13.6 ಅಂಗುಲ, ಅದು ಕೂರುವ ರಿಮ್ಮಿನ ವ್ಯಾಸ 28 ಅಂಗುಲ. ನಮ್ಮಲ್ಲಿ ಹೆಚ್ಚಾಗಿ ಓಡಾಡುವ ಟ್ರ್ಯಾಕ್ಟರುಗಳಿಗೆ ಹಿಂದೆ 12.4-28, 13.6-28, 14.9-28, ಮುಂದೆ 6.00-16 ಇಲ್ಲವೇ ಅದಕ್ಕಿಂತ ತುಸು ದೊಡ್ಡವು ಇರುತ್ತವೆ. ಅಳತೆಯ ಪಕ್ಕದಲ್ಲಿ 12 ಪಿ.ಆರ್. ಎಂದಿದ್ದರೆ ಒಳಗೆ ಹನ್ನೆರಡು ಪದರ ಬಟ್ಟೆ ಇದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹತ್ತಿಯ ನೂಲು ಬಳಸುತ್ತಿದ್ದ ಕಾಲದ ಲೆಕ್ಕ ಅದು. ನೈಲಾನ್ ಬಂದ ಮೇಲೆ ಪದರಗಳು ಕಡಿಮೆಯಾಗಿ, ಅಂಕಿ ಮಾತ್ರ ಬಲದ ಗುರುತಾಗಿ ಉಳಿದಿದೆ. ಅಂಕಿ ಹೆಚ್ಚಿದ್ದಷ್ಟೂ ಹೆಚ್ಚು ಗಾಳಿಯನ್ನೂ ಹೆಚ್ಚು ಭಾರವನ್ನೂ ತಡೆಯುತ್ತದೆ. ಗಾಡಿ ಎಳೆಯುವವರು ಇದನ್ನು ನೋಡಲೇಬೇಕು.

‘ಪಕ್ಕದ ಹೊಲದವರು ದೊಡ್ಡದು ಹಾಕಿಸಿದ್ದಾರೆ, ನಮಗೂ ಅದೇ ಇರಲಿ’ ಎನ್ನುವ ಚಪಲ ನಮ್ಮಲ್ಲಿ ಇದೆ. 13.6ರ ಜಾಗಕ್ಕೆ 14.9 ಕೂರಿಸಿದರೆ ಟ್ರ್ಯಾಕ್ಟರು ಗತ್ತಿನಿಂದ ಕಾಣುತ್ತದೆ, ನಿಜ. ರಿಮ್ಮಿನ ಅಗಲ ಅದಕ್ಕೆ ಹೊಂದುತ್ತದೆಯೇ, ಮಡ್‌ಗಾರ್ಡಿಗೆ ತಾಗುತ್ತದೆಯೇ, ಹತ್ತಿಯ ಸಾಲಿನ ನಡುವೆ ಹೋದಾಗ ಗಿಡ ತುಳಿಯುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಟಯರು ಎತ್ತರವಾದರೆ ಪ್ರತಿ ಗೇರಿನಲ್ಲೂ ವೇಗ ಹೆಚ್ಚಿ, ಎಳೆಯುವ ಬಲ ಅಷ್ಟು ಇಳಿಯುತ್ತದೆ. ನಾಲ್ಕೂ ಚಕ್ರಕ್ಕೆ ಚಾಲನೆ ಇರುವ ಟ್ರ್ಯಾಕ್ಟರುಗಳು ಈಗ ನಮ್ಮ ಹಳ್ಳಿಗಳಿಗೂ ಬಂದಿವೆ. ಅವುಗಳಲ್ಲಂತೂ ಈ ಆಟ ಆಡಲೇಬಾರದು. ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಶೇ 1ರಿಂದ 5ರಷ್ಟು ಮಾತ್ರ ಮುಂದೋಡುವಂತೆ ಕಾರ್ಖಾನೆಯಲ್ಲಿ ಹೊಂದಿಸಿರುತ್ತಾರೆ. ಹಿಂದಿನ ಅಳತೆಯನ್ನಷ್ಟೇ ಬದಲಿಸಿದರೆ ಮುಂದಿನ ಮತ್ತು ಹಿಂದಿನ ಚಕ್ರಗಳು ಜಗಳವಾಡುತ್ತವೆ, ಗೇರಿನ ಹಲ್ಲು ಸವೆಯುತ್ತದೆ. ಟಯರಿನಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ದುಡ್ಡು ಮೆಕ್ಯಾನಿಕ್ಕನ ಕೈಗೆ ಹೋಗುತ್ತದೆ. ಟ್ರ್ಯಾಕ್ಟರಿನ ಜೊತೆ ಬಂದ ಪುಸ್ತಕದಲ್ಲಿ ಯಾವ ಅಳತೆ ಹೇಳಿದೆಯೋ ಅದೇ ಸರಿ. ಒಂದೇ ಟಯರು ಹಾಳಾಗಿದ್ದರೂ ಆದಷ್ಟು ಜೋಡಿಯಾಗಿಯೇ ಬದಲಿಸಬೇಕು. ಒಂದು ಹೊಸದು, ಒಂದು ಸವೆದದ್ದು ಎಂದರೆ ಒಂದು ಎತ್ತು ಎಳೆದು, ಒಂದು ಎತ್ತು ಹಿಂದುಳಿದ ಹಾಗೆ.

ಹಲ್ಲಿನ ಬಗೆಯನ್ನು ಆರಿಸುವುದೇ ಮುಖ್ಯ. ಬೆಂಗಳೂರಿನ ಗಾಲ್ಫ್ ಮೈದಾನಗಳಂಥ ಕಡೆ ಹುಲ್ಲು ಕತ್ತರಿಸಲು ಕುಳಿತು ಓಡಿಸುವ ಸಣ್ಣ ಯಂತ್ರಗಳಿರುತ್ತವೆ. ಅವುಗಳ ಟಯರಿಗೆ ಎತ್ತರದ ಹಲ್ಲೇ ಇರುವುದಿಲ್ಲ. ಅಗಲವಾಗಿ, ಚಪ್ಪಟೆಯಾಗಿ, ಸಣ್ಣ ಸಣ್ಣ ಗುಬುಟುಗಳಿರುತ್ತವೆ, ಏಕೆಂದರೆ ಅಲ್ಲಿ ಹುಲ್ಲಿಗೆ ಗಾಯವಾಗಬಾರದು. ಅಂಥ ಟಯರನ್ನು ನಮ್ಮ ಎರೆಹೊಲಕ್ಕೆ ಇಳಿಸಿದರೆ ನಾಲ್ಕು ಮಾರು ಹೋಗುವಷ್ಟರಲ್ಲಿ ಸಿಕ್ಕಿಕೊಳ್ಳುತ್ತದೆ. ಟಯರಿನ ಹಲ್ಲನ್ನು ನಿರ್ಧರಿಸುವುದು ಅದರ ಕೆಳಗಿರುವ ನೆಲ.

ಉಳುಮೆ, ಬಿತ್ತನೆಗಳ ಸಾಮಾನ್ಯ ಹೊಲಗೆಲಸಕ್ಕೆ ಆರ್-1 ಎಂಬ ಗುರುತಿನ ಟಯರು. ಹಲ್ಲುಗಳು ಓರೆಯಾಗಿ, ನಡುವೆ ಜಾಗ ಬಿಟ್ಟು ನಿಂತಿರುತ್ತವೆ. ಮಣ್ಣು ಅಂಟದೆ ಉದುರಲು ಈ ಜಾಗ ಬೇಕು. ಧಾರವಾಡ, ಗದಗ ಕಡೆಯ ಎರೆಮಣ್ಣಿನಲ್ಲಿ ಹಸಿ ಇರುವಾಗಲೇ ಹೊಲಕ್ಕಿಳಿಯುವವರು ಇದಕ್ಕಿಂತ ಕಾಲುಭಾಗದಷ್ಟು ಎತ್ತರದ ಹಲ್ಲಿರುವ ಆರ್-1 ಡಬ್ಲ್ಯೂ ಬಗೆಯನ್ನು ನೋಡಬಹುದು. ಗದ್ದೆಗೆಂದೇ ಸುಮಾರು ಇಮ್ಮಡಿ ಎತ್ತರದ ಹಲ್ಲಿನ ಆರ್-2 ಟಯರುಗಳಿವೆ. ಗಂಗಾವತಿ, ಸಿಂಧನೂರಿನ ತುಂಗಭದ್ರಾ ಎಡದಂಡೆಯ ಭತ್ತದ ರೈತರಲ್ಲಿ ಹೆಚ್ಚಿನವರು ಅದರ ಗೋಜಿಗೆ ಹೋಗದೆ, ಕೆಸರು ಮಾಡುವ ದಿನಗಳಲ್ಲಿ ಕಬ್ಬಿಣದ ಕೇಜ್ ವೀಲ್ ಜೋಡಿಸಿಕೊಳ್ಳುತ್ತಾರೆ. ವರ್ಷಕ್ಕೆ ಕೆಲವೇ ವಾರ ಕೆಸರಿನ ಕೆಲಸವಿರುವಾಗ ಅವರದೇ ಬುದ್ಧಿವಂತಿಕೆ. ಕೇಜ್ ವೀಲ್ ಕಳಚದೆ ಡಾಂಬರು ರಸ್ತೆಗೆ ಬರುವುದನ್ನು ಮಾತ್ರ ನಾವು ಒಪ್ಪಲಾರೆವು. ರಸ್ತೆಯೂ ಊರಿನದೇ ತಾನೆ.

ಮಂಡ್ಯ, ಬೆಳಗಾವಿ, ಬಾಗಲಕೋಟೆಗಳ ಕಬ್ಬಿನ ರೈತರ ಮಾತು ಬೇರೆ. ಕಾರ್ಖಾನೆ ಅರೆಯಲು ತೊಡಗಿದರೆ ಟ್ರ್ಯಾಕ್ಟರು ತಿಂಗಳುಗಟ್ಟಲೆ ಎರಡೆರಡು ಟ್ರೈಲರು ಕಟ್ಟಿಕೊಂಡು ಹಗಲಿರುಳು ರಸ್ತೆಯಲ್ಲೇ ಇರುತ್ತದೆ. ಎತ್ತರದ, ತೆಳುವಾದ ಹಲ್ಲು ಡಾಂಬರಿನ ಮೇಲೆ ಅರದಿಂದ ಉಜ್ಜಿದಂತೆ ಸವೆಯುತ್ತದೆ. ಇಂಥವರಿಗಾಗಿಯೇ ಕಂಪನಿಗಳು ಹಲ್ಲು ಅಗಲವಾಗಿ, ಒತ್ತಾಗಿ ಇರುವ ಸಾಗಣೆಯ ಟಯರುಗಳನ್ನು ಮಾರುತ್ತವೆ. ಅವು ರಸ್ತೆಯಲ್ಲಿ ಬಾಳುತ್ತವೆ, ಹಸಿ ಹೊಲದಲ್ಲಿ ಮಣ್ಣು ಮೆತ್ತಿಕೊಂಡು ಉರುಳೆಯಂತಾಗುತ್ತವೆ. ಎರಡೂ ಗುಣ ಒಂದರಲ್ಲೇ ಇದೆ ಎಂದು ಯಾವ ಅಂಗಡಿಯವರು ಹೇಳಿದರೂ ನಂಬಬೇಡಿ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಉತ್ತರ ನಿಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಲ್ಲೇ ಸಿಗುತ್ತದೆ. ಟ್ರ್ಯಾಕ್ಟರಿನಲ್ಲಿ ಗಂಟೆ ತೋರಿಸುವ ಮೀಟರು ಇದೆ. ಒಂದು ವರ್ಷ, ಅದಾಗದಿದ್ದರೆ ಒಂದು ಹಂಗಾಮು, ದಿನಾ ಸಂಜೆ ಆ ದಿನದ ಮನೆಯಲ್ಲಿ ಇಷ್ಟು ಗಂಟೆ ಹೊಲ, ಇಷ್ಟು ಗಂಟೆ ರಸ್ತೆ ಎಂದು ಗೀಚಿಡಿ. ಓದುವ ಮಕ್ಕಳಿದ್ದರೆ ಅವರಿಗೆ ವಹಿಸಿ. ಹೊಲದ ಗಂಟೆ ಹೆಚ್ಚಾಗಿದ್ದರೆ ಹೊಲದ ಟಯರು, ರಸ್ತೆಯ ಗಂಟೆ ಹೆಚ್ಚಾಗಿದ್ದರೆ ಸಾಗಣೆಯ ಟಯರು. ನಮ್ಮ ಅಣ್ಣ ಆಮೇಲೆ ಹೀಗೆ ಲೆಕ್ಕ ಬರೆದ. ಹತ್ತು ಗಂಟೆಯಲ್ಲಿ ಏಳು ಗಂಟೆ ರಸ್ತೆಯದೇ ಎಂದು ಗೊತ್ತಾದಾಗ ಅವನಿಗೇ ಆಶ್ಚರ್ಯವಾಯಿತು. ತಾನು ಬೇಸಾಯಗಾರ, ತನ್ನ ಟ್ರ್ಯಾಕ್ಟರೂ ಬೇಸಾಯದ್ದೇ ಎಂದು ಅವನು ತಿಳಿದಿದ್ದ.

ರೇಡಿಯಲ್ ಟಯರುಗಳ ಬಗ್ಗೆಯೂ ಈಗ ಕೇಳುತ್ತಾರೆ. ಅಳತೆಯ ನಡುವೆ ಆರ್ ಅಕ್ಷರವಿದ್ದರೆ ಅದು ರೇಡಿಯಲ್. ಅದು ನೆಲವನ್ನು ಹೆಚ್ಚು ಅಗಲಕ್ಕೆ ತಬ್ಬುತ್ತದೆ, ಕಡಿಮೆ ಜಾರುತ್ತದೆ, ಮಣ್ಣನ್ನೂ ಅಷ್ಟು ಗಟ್ಟಿಮಾಡುವುದಿಲ್ಲ. ಬೆಲೆ ಹೆಚ್ಚು. ಪಕ್ಕದ ಗೋಡೆ ಮೆತ್ತಗಿರುವುದರಿಂದ ಹತ್ತಿ ಕಟ್ಟಿಗೆ, ಮೆಕ್ಕೆಜೋಳದ ಕೂಳೆ ಚುಚ್ಚುವ ಹೊಲಗಳಲ್ಲಿ ಜೋಪಾನ ಬೇಕು. ವರ್ಷವಿಡೀ ಬಾಡಿಗೆಗೆ ಉಳುವವರಿಗೆ ಡೀಸೆಲಿನ ಉಳಿತಾಯದಲ್ಲಿ ಆ ದುಡ್ಡು ಮರಳಬಹುದು. ನಾಲ್ಕೈದು ಎಕರೆಯ ಒಡೆಯರಿಗೆ ಮಾಮೂಲಿ ಟಯರೇ ಸಾಕೆಂದು ನಮಗೆ ತೋರುತ್ತದೆ. ಒಂದೇ ಅಚ್ಚಿಗೆ ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ಮಾಮೂಲಿ ಹಾಕುವುದಂತೂ ಕೂಡದು.

ಕೈಯಲ್ಲಿ ದುಡ್ಡಿಲ್ಲದಾಗ ರೀಸೋಲ್ ಟಯರಿನತ್ತ ಕಣ್ಣು ಹೋಗುವುದು ಸಹಜ. ನಿಮ್ಮದೇ ಟಯರಿಗೆ, ಒಳಗಿನ ನೂಲು ಗಟ್ಟಿಯಾಗಿದ್ದು, ನಂಬಿಕೆಯ ಕಡೆ ಹೊಸ ರಬ್ಬರು ಹಾಕಿಸಿದರೆ ತಪ್ಪಿಲ್ಲ. ಯಾರದೋ ಹಳೆಯ ಟಯರಿಗೆ ಹಾಕಿದ್ದನ್ನು ಕೊಳ್ಳುವಾಗ ಒಳಗೆ ಕೈಯಾಡಿಸಿ ನೋಡಬೇಕು, ತೇಪೆಗಳನ್ನು ಎಣಿಸಬೇಕು. ಸವೆದ ಟಯರಿನಲ್ಲೇ ಚಾಕುವಿನಿಂದ ಕೊರೆದು ಹಲ್ಲು ಎಬ್ಬಿಸಿ ಮಾರುವವರೂ ಇದ್ದಾರೆ. ಅಂಥದರಲ್ಲಿ ನೂಲಿಗೂ ನೆಲಕ್ಕೂ ನಡುವೆ ಉಳಿಯುವುದು ಕಾಗದದಷ್ಟು ರಬ್ಬರು. ಮುಂದಿನ ಚಕ್ರಕ್ಕಂತೂ ಇಂಥದ್ದು ಬೇಡವೇ ಬೇಡ. ಸ್ಟೇರಿಂಗು ನಿಂತಿರುವುದು ಅದರ ಮೇಲೆ, ಮನೆಯವರ ಪ್ರಾಣ ನಿಂತಿರುವುದು ಸ್ಟೇರಿಂಗಿನ ಮೇಲೆ.

ಬಿಲ್ಲಿನ ಮಾತಿಗೆ ಬರೋಣ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಟಯರು ಮತ್ತು ಟ್ಯೂಬುಗಳ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ತೆರಿಗೆ ಸೇರದ ಬೆಲೆ 40,000 ರೂಪಾಯಿ ಎಂದಿಟ್ಟುಕೊಂಡರೆ ಮೊದಲು 7,200 ರೂಪಾಯಿ ತೆರಿಗೆಯಾಗುತ್ತಿತ್ತು, ಶೇ 5ರಂತೆ 2,000 ರೂಪಾಯಿ ಆಗುತ್ತದೆ. ಈ 5,200 ರೂಪಾಯಿ ರೈತನ ಜೇಬಿನಲ್ಲಿ ಉಳಿಯಿತೇ ಎಂದು ತಿಳಿಯುವುದು ಬಿಲ್ಲಿನಿಂದ ಮಾತ್ರ. ‘ಬಿಲ್ಲಿಲ್ಲದಿದ್ದರೆ ಇನ್ನಷ್ಟು ಕಡಿಮೆ ಮಾಡುತ್ತೇವೆ’ ಎಂಬ ಮಾತಿಗೆ ಮರುಳಾದರೆ, ಮುಂದೆ ಟಯರು ಸೀಳಿದಾಗ ಕಂಪನಿಯ ಬಾಗಿಲು ತಟ್ಟುವ ಹಕ್ಕೂ ಹೋಗುತ್ತದೆ. ಬಿಲ್ಲಿನಲ್ಲಿ ಕಂಪನಿ, ಅಳತೆ, ಪಿ.ಆರ್., ಎರಡೂ ಟಯರುಗಳ ಕ್ರಮಸಂಖ್ಯೆ, ತಯಾರಿಕೆಯ ವಾರ ಇಷ್ಟನ್ನೂ ಬರೆಸಿ. ಬರೆಯಲು ಒಲ್ಲದ ಅಂಗಡಿಯಿಂದ ಎದ್ದು ಬನ್ನಿ. ಕಾರ್ತಿಕದಲ್ಲೋ ಮಾಘದಲ್ಲೋ ಕೊಳ್ಳಲು ಹೋದರೆ ಹೀಗೆ ಎದ್ದು ಬರಬಹುದು. ರೋಹಿಣಿ ಮಳೆ ಸುರಿಯುವಾಗ ಹೋದವರು ಕೊಟ್ಟದ್ದನ್ನು ತರುತ್ತಾರೆ.

ಮುಂಚಿತವಾಗಿ ಕೊಂಡವರು ಟಯರನ್ನು ಪಂಪ್‌ಸೆಟ್ ಮನೆಯಲ್ಲಿ ಇಡುವ ರೂಢಿ ಇದೆ. ಅದು ಸಲ್ಲದು. ಓಡುವ ವಿದ್ಯುತ್ ಮೋಟಾರಿನ ಬಳಿ ಹುಟ್ಟುವ ಓಜೋನ್ ಅನಿಲ ರಬ್ಬರನ್ನು ಬಿರುಕು ಬಿಡಿಸುತ್ತದೆ. ಎಣ್ಣೆ, ಡೀಸೆಲ್ ತಾಗದ, ಬಿಸಿಲು ಬೀಳದ ಕೋಣೆಯಲ್ಲಿ ನೆಟ್ಟಗೆ ನಿಲ್ಲಿಸಿಡಬೇಕು.

ಹಾಕಿಸುವ ದಿನ ನೀವೇ ಪಕ್ಕದಲ್ಲಿರಿ. ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದರೆ ಹಲ್ಲುಗಳ ಬಾಣದ ಮೂತಿ ಮೇಲಕ್ಕಿರಬೇಕು. ತಿರುಗುಮುರುಗಾದರೆ ಮಣ್ಣು ಹೊರಕ್ಕೆ ಚೆಲ್ಲದೆ ನಡುವೆಯೇ ತುಂಬಿಕೊಳ್ಳುತ್ತದೆ. ಟಯರಿನ ಅಂಚು ರಿಮ್ಮಿಗೆ ಕೂರದಿದ್ದರೆ ಸಾಬೂನು ನೀರು ಹಚ್ಚಬೇಕೇ ಹೊರತು ಗಾಳಿ ಏರಿಸುತ್ತಾ ಹೋಗಬಾರದು. 35 ಪೌಂಡ್ ಒತ್ತಡ ದಾಟಿಸಿದರೆ ಟಯರು ಬಾಂಬಿನಂತೆ ಸಿಡಿಯುವ ಅಪಾಯವಿದೆ. ಗಾಳಿ ತುಂಬುವಾಗ ಯಾರೂ ಅದರ ಎದುರಿಗೆ ನಿಲ್ಲಬಾರದು. ಹೊಲದ ಕೆಲಸಕ್ಕೆ ಹಿಂದಿನ ಟಯರಿಗೆ ಸಾಮಾನ್ಯವಾಗಿ 12ರಿಂದ 14 ಪೌಂಡ್ ಗಾಳಿ ಸಾಕು, ಭಾರದ ಸಾಗಣೆಗೆ ಹೆಚ್ಚು ಬೇಕು. ನಿಖರ ಲೆಕ್ಕ ಪುಸ್ತಕದಲ್ಲಿದೆ. ಉಳುಮೆಗೆ ಭಾರ ಸಾಲದಿದ್ದರೆ ಟ್ಯೂಬಿನ ಮುಕ್ಕಾಲು ಭಾಗ ನೀರು ತುಂಬಿಸಬಹುದು. 13.6-28ರ ಒಂದು ಟಯರಿಗೆ ಹತ್ತಿರ ಹತ್ತಿರ ಒಂದು ಡ್ರಮ್ಮು ನೀರು ಹಿಡಿಸುತ್ತದೆ, ಅಂದರೆ ಸುಮಾರು ಎರಡು ಕ್ವಿಂಟಾಲ್ ಭಾರ. ರಸ್ತೆಯ ಹಂಗಾಮು ಬಂದಾಗ ಆ ನೀರನ್ನು ತೆಗೆಸಿಬಿಡಿ.

ಒಂದು ಕೋರಿಕೆ ಸರ್ಕಾರಕ್ಕೂ ಇದೆ. ಟ್ರ್ಯಾಕ್ಟರು, ಟಿಲ್ಲರು ಕೊಳ್ಳಲು ಸಹಾಯಧನವಿದೆ. ಬಾಡಿಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳನ್ನೂ ತೆರೆದಿದ್ದಾರೆ. ಕೊಂಡ ಯಂತ್ರವನ್ನು ಬಾಳಿಸುವುದು ಹೇಗೆಂದು ಕಲಿಸುವವರು ಕಡಿಮೆ. ರೈತ ಸಂಪರ್ಕ ಕೇಂದ್ರಗಳಲ್ಲಿ ಸರಿಯಾದ ಒಂದು ಗಾಳಿ ಅಳೆಯುವ ಗೇಜು, ಅಳತೆಗಳನ್ನು ಕನ್ನಡದಲ್ಲಿ ವಿವರಿಸುವ ಒಂದು ಗೋಡೆ ಚಿತ್ರ ಇಡಲು ಎಷ್ಟು ಖರ್ಚು ಬಂದೀತು? ಅಲ್ಲಿಯವರೆಗೆ ನಮ್ಮ ವಾಚನಾಲಯಗಳಲ್ಲೇ ಯಾರಾದರೂ ಒಬ್ಬರು ಟ್ರ್ಯಾಕ್ಟರಿನ ಪುಸ್ತಕ ತಂದು, ಟಯರಿನ ಪುಟವನ್ನು ಹತ್ತು ಜನಕ್ಕೆ ಓದಿ ಹೇಳಬಹುದು.

ಇನ್ನೊಂದು ಮಾತು ಮರೆತೆವು. ಹೊಸ ಟಯರು ಹಾಕಿದ ದಿನ ಒಂದೆರಡು ಗಂಟೆ ಓಡಿಸಿದ ಮೇಲೆ ನಿಲ್ಲಿಸಿ, ಚಕ್ರದ ನಟ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿ ಮಾಡಬೇಕು. ಮರುದಿನ ಬೆಳಿಗ್ಗೆ ಇನ್ನೊಮ್ಮೆ.